ಊರು ನೋಡೋಕೂ ಕಾರಣ ಕೊಡಬೇಕಾ?

ಇವತ್ತು ಸ್ವಲ್ಪ ಉದ್ದ ಬರೀತಿದೀನಿ, ಪುರುಸೊತ್ತು ಮಾಡ್ಕೊಂಡು ಓದಿ.

ಗುಬ್ಬಿ ತಾಲೂಕಿನ ನಮ್ಮ ಮೇಷ್ಟ್ರೊಬ್ಬರು, ಅವರ ಮನೆಯವರು ಲಂಡನ್ನಿಗೆ ಹೋಗಿ ಬಂದರು. ಮೇಷ್ಟ್ರು ಪ್ರೈಮರಿ ಶಾಲೆಯಲ್ಲಿ ಮೂವತ್ತು ಚಿಲ್ಲರೆ ವರ್ಷ ದುಡಿದು ರಿಟೈರಾದವರು. ಅಕ್ಕನ ತವರು ಕುಣಿಗಲ್ ಕಡೆ. ಮಗಳು ಅಲ್ಲಿ ನರ್ಸು, ಟಿಕೆಟ್ ಅವಳೇ ಮಾಡಿಸಿದ್ದು. ಒಂದು ಇಡೀ ದಿನ ಗಂಡ ಹೆಂಡತಿ ಇಬ್ಬರೇ ಊರು ಸುತ್ತಿ, ಸಂಜೆ ಹನ್ನೆರಡು ಫೋಟೋ ಹಾಕಿದರು. ಅಷ್ಟೇ ಅವರು ಮಾಡಿದ ತಪ್ಪು.

ಆ ಫೋಟೋಗಳು ನಮ್ಮ ಆಫೀಸಿನ ವಾಟ್ಸಾಪ್ ಗ್ರೂಪಿಗೂ ಬಂದವು. ಒಬ್ಬರು ಬರೆದರು: "ರಿಸರ್ವೇಶನ್ ಟಿಕೆಟ್ಟು ಲಂಡನ್‌ವರೆಗೂ ಓಡ್ತದೆ ಅನ್ನಿ." ಕೆಳಗೆ ನಗುವ ಮುಖಗಳು, ಎಣಿಸಿದೆ, ಒಂಬತ್ತು.

ಅದು ನನಗೆ ಹೊಸದಲ್ಲ. ಹೊಟ್ಟೆಗೆ ಬೆಂಕಿ ಬಿದ್ದಿದ್ದು ನಮ್ಮದೇ ಸಂಘಟನೆಯ ಹುಡುಗನೊಬ್ಬ ಫೋನ್ ಮಾಡಿದಾಗ. "ಅಣ್ಣ, ಮೇಷ್ಟ್ರು ಹಿಂಗೆ ಮಾಡಬಾರದಿತ್ತು. ಆ ದುಡ್ಡಲ್ಲಿ ಕಾಲೋನಿಯ ಅಂಬೇಡ್ಕರ್ ಭವನಕ್ಕೆ ಶೀಟ್ ಹಾಕಿಸಬಹುದಿತ್ತು. ಗಡಿಯಾರದ ಗೋಪುರದ ಮುಂದೆ ನಿಂತು ಹಲ್ಲು ಕಿರಿದರೆ ಕ್ರಾಂತಿ ಆಗ್ತದಾ?"

ಇಬ್ಬರಿಗೂ ಒಂದೇ ಉತ್ತರ. ಯಾಕಂದ್ರೆ ಇಬ್ಬರೂ ಕೇಳ್ತಿರೋದು ಒಂದೇ ಪ್ರಶ್ನೆ: ನೀವು ಯಾಕೆ ಹೋದಿರಿ?

ಮೊದಲು ಆಫೀಸಿನವರ ಲೆಕ್ಕ ಚುಕ್ತಾ ಮಾಡ್ತೀನಿ.

ಸ್ವಾಮಿ, ನಿಮ್ಮ ಎಲ್‌ಟಿಸಿ ಬಿಲ್ಲುಗಳನ್ನ ಬರೆಯೋ ಗುಮಾಸ್ತ ನಾನು. ಯಾರು ಕಾಶಿಗೆ ಹೋದ್ರಿ, ಯಾರು ಕಾಶ್ಮೀರದಲ್ಲಿ ಮಂಜು ಎರಚಾಡಿದ್ರಿ, ಯಾರು ಮನೇಲೇ ಇದ್ದು ಊರಿಗೆ ಹೋಗಿದ್ದೆ ಅಂದ್ರಿ, ಎಲ್ಲ ನನ್ನ ಫೈಲಿನಲ್ಲಿದೆ. ಒಂದು ದಿನಾನಾದ್ರೂ ನಾನು "ಯಾವ ಕೋಟಾದಲ್ಲಿ ಹೋಗ್ತಿದೀರಿ?" ಅಂತ ಕೇಳಿದೀನಾ? ನೀವು ಹೋದರೆ ಅದು ಪ್ರವಾಸ. ನಾವು ಹೋದರೆ ಅದು ಫಲಾನುಭವಿ ಪಟ್ಟಿ. ಮೇಷ್ಟ್ರು ನಿಮ್ಮ ಮಕ್ಕಳಿಗೂ ಅ ಆ ಇ ಈ ತಿದ್ದಿಸಿದವರು. ಸಂಬಳ ತಗೊಂಡಿದ್ದು ಪಾಠಕ್ಕೆ, ಜಾತಿಗಲ್ಲ. ಮಗಳು ಅಲ್ಲಿ ರಾತ್ರಿ ಪಾಳಿಯಲ್ಲಿ ಮುದುಕರ ಮೈ ಒರೆಸಿ ದುಡಿದ ಹಣ ಅದು. ಲಂಡನ್ನಿನ ಆಸ್ಪತ್ರೆಯಲ್ಲಿ ತುಮಕೂರು ಜಿಲ್ಲೆಯ ಮೀಸಲಾತಿ ರೋಸ್ಟರ್ ಇಲ್ಲ ಅನ್ನೋದು ನಿಮಗೂ ಗೊತ್ತು.

ಈಗ ನಮ್ಮವರಿಗೆ. ಇದನ್ನ ಕೋಪದಿಂದ ಅಲ್ಲ, ಸಂಕಟದಿಂದ ಬರೀತಿದೀನಿ.

ನಮ್ಮ ಜನ ಇದುವರೆಗೆ ಎಲ್ಲಿಗೆ ಹೋಗಿದಾರೆ, ಯಾತಕ್ಕೆ ಹೋಗಿದಾರೆ, ಯೋಚನೆ ಮಾಡಿ. ಕಬ್ಬು ಕಡಿಯೋಕೆ ಮಂಡ್ಯಕ್ಕೆ. ಗಾರೆ ಕೆಲಸಕ್ಕೆ ಬೆಂಗಳೂರಿಗೆ. ಕಾಯಿಲೆ ಬಿದ್ದಾಗ ಜಿಲ್ಲಾ ಆಸ್ಪತ್ರೆಗೆ. ಕೇಸು ಬಿದ್ದಾಗ ಕೋರ್ಟಿಗೆ. ರ‍್ಯಾಲಿ ಇದ್ದಾಗ ಲಾರಿಯಲ್ಲಿ ನಿಂತುಕೊಂಡು ಫ್ರೀಡಂ ಪಾರ್ಕಿಗೆ. ಪ್ರತಿ ಪ್ರಯಾಣಕ್ಕೂ ಒಂದು ಹೊರೆ ಇತ್ತು. ಸುಮ್ಮನೆ, ನೋಡೋ ಆಸೆಗೆ, ಕೈ ಬೀಸ್ಕೊಂಡು ನಮ್ಮ ಅಪ್ಪ ಅಮ್ಮ ಎಲ್ಲಿಗೆ ಹೋದರು? ಕುಣಿಗಲ್ ಫಾರಮ್ಮು ಟಿಪ್ಪು ತನ್ನ ಸೈನ್ಯದ ಕುದುರೆಗಳಿಗಾಗಿ ಮಾಡಿಸಿದ್ದು. ಆಮೇಲೆ ಅಲ್ಲಿ ರೇಸಿನ ಕುದುರೆ ಬೆಳೆದವು. ಅಲ್ಲಿ ಹುಟ್ಟಿದ ಕುದುರೆ ಕೂಡ ಬೆಂಗಳೂರಿನ ರೇಸ್‌ಕೋರ್ಸ್ ನೋಡಿ ಬಂದಿದೆ. ಅದೇ ಸೀಮೆಯ ನಮ್ಮ ಎಷ್ಟೋ ಅಜ್ಜಿಯರು ಮಾರ್ಕೋನಹಳ್ಳಿ ಡ್ಯಾಮನ್ನೂ ನೋಡದೆ ಮಣ್ಣಾದರು. ಕೆರೆ ಏರಿಗೆ ಮಣ್ಣು ಹೊತ್ತವರು ನಾವು, ನೀರುಗಂಟಿಯಾಗಿ ತೂಬು ಕಾಯ್ದವರು ನಾವು. ಸಂಜೆ ಹೊತ್ತು ಅದೇ ಏರಿ ಮೇಲೆ ಗಾಳಿಗೆ ನಡೆದವರು ಮಾತ್ರ ಬೇರೆಯವರು.

"ಬಾಬಾಸಾಹೇಬರೂ ಲಂಡನ್ನಿಗೆ ಹೋಗಿದ್ದರು, ಆದರೆ ಓದೋಕೆ" ಅಂತೀರಿ. ಹೌದು, ಓದೋಕೆ ಹೋಗಿದ್ದರು. 1916ರಲ್ಲಿ ಮೊದಲು ಹೋದರು. ವಿದ್ಯಾರ್ಥಿವೇತನ ಮುಗಿದು 1917ರಲ್ಲಿ ಅರ್ಧಕ್ಕೇ ವಾಪಸ್ ಬರಬೇಕಾಯ್ತು. ಬರೋಡಾದಲ್ಲಿ ಕೆಲಸ ಇತ್ತು, ತಲೆ ಮೇಲೆ ಸೂರು ಇರಲಿಲ್ಲ. ಪಾರ್ಸಿ ಛತ್ರದಲ್ಲಿ ಉಳಿದಿದ್ದವರನ್ನ ದೊಣ್ಣೆ ಹಿಡಿದ ಗುಂಪು ಬಂದು ಹೊರಗೆ ಹಾಕಿತು. ಲಂಡನ್ನಿನಲ್ಲಿ ಕೋಣೆ ಸಿಕ್ಕಿದವರಿಗೆ ಬರೋಡಾದಲ್ಲಿ ಮರದ ನೆರಳು ಗತಿಯಾಯ್ತು. ಮತ್ತೆ 1920ರಲ್ಲಿ ಹೊರಟು, ಅರ್ಧ ಹೊಟ್ಟೆಯಲ್ಲಿ ಓದಿ, 1923ರಲ್ಲಿ ರೂಪಾಯಿಯ ಸಮಸ್ಯೆ ಮೇಲೆ ಬರೆದ ಪ್ರಬಂಧಕ್ಕೆ ಡಿ.ಎಸ್ಸಿ. ತಗೊಂಡರು.

ಇದನ್ನ ನಾವು ವೇದಿಕೆ ಮೇಲೆ ಹೆಮ್ಮೆಯಿಂದ ಹೇಳ್ತೀವಿ. ಹೇಳಲೇಬೇಕು. ಆದರೆ ಅದೇ ವರ್ಷಗಳಲ್ಲಿ ಮುಂಬಯಿಯ ಚಾಳಿನಲ್ಲಿ ಇದ್ದ ರಮಾಯಿಯನ್ನ ನೆನೆಸಿಕೊಳ್ಳಿ. ಗಂಡ ನಡೆದ ಆ ಬೀದಿ, ಕೂತು ಓದಿದ ಆ ಲೈಬ್ರರಿ, ಒಂದನ್ನೂ ಆ ತಾಯಿ ನೋಡಲಿಲ್ಲ. ನಾಲ್ಕು ಮಕ್ಕಳನ್ನ ಮಣ್ಣು ಮಾಡಿದವರು, 1935ರ ಮೇ 27ರಂದು ತಾವೂ ಹೋದರು. ಅವರಿಗೆ ಇದ್ದ ಒಂದು ಆಸೆ ಪಂಢರಪುರ ನೋಡೋದು. ಬಾಬಾಸಾಹೇಬರು ಬೇಡ ಅಂದರು. ಹೋದರೂ ಗುಡಿಯ ಹೊರಗೆ, ದೂರದಲ್ಲಿ ನಿಲ್ಲಬೇಕು. ಹೆಂಡತಿಯನ್ನ ಅಲ್ಲಿ ನಿಲ್ಲಿಸೋಕೆ ಆ ಗಂಡನ ಮನಸ್ಸು ಒಪ್ಪಲಿಲ್ಲ. ಆ ಗುಡಿಯ ಬಾಗಿಲು ನಮಗೆ ತೆರೆದಿದ್ದು 1947ರಲ್ಲಿ, ಅದೂ ಸಾನೆ ಗುರೂಜಿ ಉಪವಾಸ ಕೂತ ಮೇಲೆ. ರಮಾಯಿ ತೀರಿಕೊಂಡು ಹನ್ನೆರಡು ವರ್ಷ ಆಗಿತ್ತು.

ಅಂದರೆ ನಮ್ಮ ಚರಿತ್ರೆಯ ಅತಿ ದೊಡ್ಡ ದಂಪತಿಗೆ ಕೈ ಹಿಡ್ಕೊಂಡು ಲಂಡನ್ ನೋಡೋ ದಿನ ಸಿಗಲಿಲ್ಲ. ಒಂದು ಕಡೆ ಬಡತನ ಅಡ್ಡ ಬಂತು, ಇನ್ನೊಂದು ಕಡೆ ಜಾತಿ ಅಡ್ಡ ಬಂತು. ಇವತ್ತು ಗುಬ್ಬಿಯ ಮೇಷ್ಟ್ರಿಗೆ, ಕುಣಿಗಲ್ಲಿನ ಅಕ್ಕನಿಗೆ ಆ ದಿನ ಸಿಕ್ಕಿತು ಅಂದ್ರೆ ನೀವು ಶೀಟಿನ ಲೆಕ್ಕ ಹೇಳ್ತೀರಲ್ಲಪ್ಪಾ!

ಬರೀ ನೋಡೋಕೆ ಅಂತ ಬಾಬಾಸಾಹೇಬರು ಹೋಗಿದ್ದೂ ಉಂಟು. 1934ರಲ್ಲಿ ಸುಮಾರು ಮೂವತ್ತು ಜನ ಸಂಗಾತಿಗಳ ಜೊತೆ ವೇರೂಳದ ಬೌದ್ಧ ಗುಹೆಗಳನ್ನ ನೋಡೋಕೆ ಹೊರಟರು. ದಾರಿಯಲ್ಲಿ ದೌಲತಾಬಾದ್ ಕೋಟೆ. ಧೂಳು ಮೆತ್ತಿದ್ದ ಕೈಕಾಲನ್ನ ಬಾಗಿಲ ಹತ್ತಿರದ ಕೊಳದಲ್ಲಿ ತೊಳೆದುಕೊಂಡರು. ಅಲ್ಲಿಯ ಮುಸ್ಲಿಮರು ಕೊಳ ಮೈಲಿಗೆ ಆಯ್ತು ಅಂತ ಗಲಾಟೆ ಎಬ್ಬಿಸಿದರು. ಕೊನೆಗೆ ಕೋಟೆ ಒಳಗೆ ಬಿಟ್ಟರು, ಒಳಗೆಲ್ಲೂ ನೀರು ಮುಟ್ಟಬಾರದು ಅನ್ನೋ ಷರತ್ತಿನ ಮೇಲೆ, ಜೊತೆಗೆ ಒಬ್ಬ ಸಿಪಾಯಿಯನ್ನ ಕಾವಲಿಗೆ ಕೊಟ್ಟು. ಕೊಲಂಬಿಯಾದಲ್ಲಿ ಓದಿದವರು, ಲಂಡನ್ನಿನಲ್ಲಿ ಓದಿದವರು, ದುಂಡುಮೇಜಿನ ಪರಿಷತ್ತಿನಲ್ಲಿ ಮಾತಾಡಿ ಬಂದವರು, ಹಾಳು ಕೋಟೆಯೊಂದನ್ನ ನೋಡೋಕೆ ಸಿಪಾಯಿ ಕಾವಲಲ್ಲಿ ನಡೆದರು.

ಹಳೇ ಕತೆ ಅಂತೀರಾ? 2022ರ ಸೆಪ್ಟೆಂಬರ್‌ನಲ್ಲಿ ಕೋಲಾರ ಜಿಲ್ಲೆ ಮಾಲೂರು ತಾಲೂಕಿನ ಉಳ್ಳೇರಹಳ್ಳಿಯಲ್ಲಿ ಹದಿನೈದು ವರ್ಷದ ದಲಿತ ಹುಡುಗ ದೇವರ ಮೆರವಣಿಗೆಯ ಗುಜ್ಜುಕೋಲು ಮುಟ್ಟಿದ ಅಂತ ಮನೆಯವರಿಗೆ ಅರವತ್ತು ಸಾವಿರ ರೂಪಾಯಿ ದಂಡ ಹಾಕಿದರು. ಉತ್ಸವ ನೋಡೋ ಆಸೆ ಯಾವ ಮಗುವಿಗೆ ಇರಲ್ಲ? ನಮ್ಮ ಮಗು ನೋಡಿದರೆ ಅದಕ್ಕೆ ರೇಟು ಅರವತ್ತು ಸಾವಿರ.

ನೋಡೋದಕ್ಕೂ ಹಕ್ಕು ಬೇಕು ಅನ್ನೋದು ಇದಕ್ಕೇ. ನೋಡೋದು ಅಂದ್ರೆ ನಿಲ್ಲೋದು. ನಿಲ್ಲೋಕೆ ಜಾಗ ಬೇಕು. ಆ ಜಾಗದಲ್ಲಿ "ಯಾರಯ್ಯಾ ನೀನು, ಇಲ್ಲೇನ್ ಕೆಲಸ?" ಅಂತ ಯಾರೂ ಕೇಳಬಾರದು.

ಈ ಪ್ರಶ್ನೆ ಬರೀ ನಮಗೆ ಅಲ್ಲ, ಬಡ ಹೆಂಗಸರಿಗೂ ಬಿತ್ತು. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಯ್ತಲ್ಲ, ಆಗ ತುಮಕೂರು ಬಸ್‌ಸ್ಟ್ಯಾಂಡಿನಲ್ಲಿ ಗಂಡಸರು ಆಡಿದ ಮಾತು ಮರೆತಿದೀರಾ? "ಇವರಿಗೆ ಮನೇಲಿ ಕೆಲ್ಸ ಇಲ್ವಾ, ಬಿಟ್ಟಿ ಅಂತ ಧರ್ಮಸ್ಥಳಕ್ಕೆ ಹೊಂಟವ್ರೆ." ಕುಣಿಗಲ್ ಬಸ್ಸಿನಲ್ಲಿ, ಗುಬ್ಬಿ ಬಸ್ಸಿನಲ್ಲಿ ದಿನವೂ ಕೇಳಿದ ಮಾತು. ಕೂಲಿಗೆ ಹೋಗೋ ಹೆಂಗಸು ಬಸ್ಸು ಹತ್ತಿದರೆ ಯಾರಿಗೂ ತೊಂದರೆ ಇಲ್ಲ. ಅದೇ ಹೆಂಗಸು ಹೂ ಮುಡ್ಕೊಂಡು, ಗೆಳತಿಯರ ಜೊತೆ ಕಿಟಕಿ ಪಕ್ಕ ಕೂತು, ಸುಮ್ಮನೆ ಹೊರಗೆ ನೋಡಿದರೆ ನಾಡಿಗೇ ನಷ್ಟ. ಬಡವರು ದುಡಿಯೋದು ಕಣ್ಣಿಗೆ ಕುಕ್ಕಲ್ಲ, ಬಡವರ ಬಿಡುವು ಕುಕ್ಕುತ್ತೆ.

ಇನ್ನು ಮೇಷ್ಟ್ರು ಅಕ್ಕ ಆ ದಿನ ಏನು ನೋಡಿದರು, ಕೇಳಿ. ಅವರ ಒಪ್ಪಿಗೆ ತಗೊಂಡೇ ಬರೀತಿದೀನಿ.

ಬೆಳಿಗ್ಗೆ ಚಾಕ್ ಫಾರ್ಮ್ ಸ್ಟೇಷನ್ನಿನಲ್ಲಿ ಇಳಿದು, ಕೇಳ್ಕೊಂಡು ಕೇಳ್ಕೊಂಡು ಕಿಂಗ್ ಹೆನ್ರೀಸ್ ರೋಡಿನ ಹತ್ತನೇ ನಂಬರ್ ಮನೆಗೆ ನಡೆದರು. 1921–22ರಲ್ಲಿ ಬಾಬಾಸಾಹೇಬರು ಇದ್ದ ಮನೆ ಅಂತ ಗೋಡೆ ಮೇಲೆ ನೀಲಿ ಫಲಕ ಇದೆ. 2015ರಲ್ಲಿ ಮಹಾರಾಷ್ಟ್ರ ಸರ್ಕಾರ ಕೊಂಡುಕೊಂಡು ಸ್ಮಾರಕ ಮಾಡಿತು. ಮ್ಯೂಸಿಯಂ ಆಗಬಾರದು ಅಂತ ನೆರೆಯವರು ತಕರಾರು ತೆಗೆದು, ಅಲ್ಲಿಯ ಕೌನ್ಸಿಲ್ ಅನುಮತಿ ಕೊಡದೆ, ವಿಚಾರಣೆ ನಡೆದು, ಕೊನೆಗೆ 2020ರ ಮಾರ್ಚ್‌ನಲ್ಲಿ ಒಪ್ಪಿಗೆ ಸಿಕ್ಕಿತು. ಬಾಬಾಸಾಹೇಬರಿಗೆ ಮನೆ ಸಿಗೋದು ಬರೋಡಾದಲ್ಲೂ ಸಲೀಸಾಗಿರಲಿಲ್ಲ, ಸತ್ತ ಮೇಲೆ ಲಂಡನ್ನಿನಲ್ಲೂ ಸಲೀಸಾಗಲಿಲ್ಲ.

ಅಕ್ಕ ಅಲ್ಲಿ ಮೆಟ್ಟಿಲ ಹತ್ತಿರವೇ ಚಪ್ಪಲಿ ಬಿಡೋಕೆ ಹೋದರಂತೆ. ಮೇಷ್ಟ್ರು ಗದರಿದರಂತೆ: "ಹಾಕ್ಕೊಂಡು ಬಾ. ಚಪ್ಪಲಿ ಬಿಟ್ಟು ನಡೆದಿದ್ದು ಸಾಕು." ಊರ ಬೀದಿಯಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಡೆದವರ ಮಕ್ಕಳಿಗೇ ಈ ಮಾತು ಅರ್ಥ ಆಗೋದು.

ಆಮೇಲೆ ಬ್ರಿಟಿಷ್ ಮ್ಯೂಸಿಯಂ. ಒಳಗೆ ಹೋಗೋಕೆ ದುಡ್ಡಿಲ್ಲ. ಆಂಧ್ರದ ಅಮರಾವತಿ ಸ್ತೂಪದ ಕಲ್ಲುಗಳು ಅಲ್ಲಿವೆ, ಬ್ರಿಟಿಷರು ಕಿತ್ಕೊಂಡು ಹೋದವು. ಹಳೆಯ ಕಲ್ಲುಗಳಲ್ಲಿ ಬುದ್ಧನ ಮೂರ್ತಿ ಇಲ್ಲ. ಖಾಲಿ ಪೀಠ, ಪಾದದ ಗುರುತು ಅಷ್ಟೇ. ಆ ಪಾದಗಳ ಮುಂದೆ ಇಬ್ಬರೂ ಅರ್ಧ ಗಂಟೆ ನಿಂತರಂತೆ. ನಮ್ಮ ಬುದ್ಧನನ್ನ ನೋಡೋಕೆ ಕಳ್ಳನ ಮನೆಗೆ ಹೋಗಬೇಕಾಯ್ತಲ್ಲ ಅನ್ನೋ ಸಿಟ್ಟು ನನಗೂ ಇದೆ. ಆದರೆ ಆ ಕಳ್ಳನ ಮನೆಯಲ್ಲಿ ಯಾರೂ "ಅಲ್ಲೇ ನಿಲ್ಲು" ಅನ್ನಲಿಲ್ಲ ಅನ್ನೋದನ್ನೂ ಬರೀಲೇಬೇಕು.

ಮಧ್ಯಾಹ್ನ ಪಾರ್ಲಿಮೆಂಟ್ ಸ್ಕ್ವೇರ್. ಅಲ್ಲಿ ಗಾಂಧಿ ಪ್ರತಿಮೆ ಇದೆ, 2015ರ ಮಾರ್ಚ್‌ನಲ್ಲಿ ನಿಲ್ಲಿಸಿದ್ದು. ಬಾಬಾಸಾಹೇಬರದ್ದು ಇಲ್ಲ. ಸ್ವಲ್ಪ ದೂರದ ಸೇಂಟ್ ಜೇಮ್ಸ್ ಅರಮನೆಯಲ್ಲೇ 1930ರಲ್ಲಿ ಮೊದಲ ದುಂಡುಮೇಜಿನ ಪರಿಷತ್ತು ಸೇರಿತ್ತು. ನಮ್ಮ ಮೈಸೂರಿನ ದಿವಾನರಾಗಿದ್ದ ಮಿರ್ಜಾ ಇಸ್ಮಾಯಿಲ್ ಅಲ್ಲಿದ್ದರು. ಅಸ್ಪೃಶ್ಯರ ಪರವಾಗಿ ಬಾಬಾಸಾಹೇಬರು, ಮದ್ರಾಸಿನ ರೆಟ್ಟಮಲೈ ಶ್ರೀನಿವಾಸನ್, ಇಬ್ಬರೇ. ದೇಶದ ಕೋಟಿ ಕೋಟಿ ಜನಕ್ಕೆ ಎರಡು ಕುರ್ಚಿ.

ಮಧ್ಯಾಹ್ನದ ಮೇಲೆ ಥೇಮ್ಸ್ ದಂಡೆಯಲ್ಲಿ, ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿರೋ ಬಸವಣ್ಣನ ಪ್ರತಿಮೆ. 2015ರ ನವೆಂಬರ್ 14ರಂದು ಪ್ರಧಾನಿ ಮೋದಿ ಅನಾವರಣ ಮಾಡಿದ್ದು. ಅದೇ ದಿನವೇ ಅವರು ಬಾಬಾಸಾಹೇಬರ ಮನೆಗೂ ಹೋಗಿದ್ದು. ಇಬ್ಬರೂ ಅಲ್ಲಿ ಬೆಂಚಿನ ಮೇಲೆ ಕೂತು ಡಬ್ಬಿಯಲ್ಲಿದ್ದ ಚಪಾತಿ, ಹುಚ್ಚೆಳ್ಳು ಚಟ್ನಿಪುಡಿ ತಿಂದರು. ಇಡೀ ದಿನ ಯಾರೂ ಜಾತಿ ಕೇಳಿರಲಿಲ್ಲ. ಅಲ್ಲಿ ಕೇಳಿದರು! ಬೆಂಗಳೂರಿಂದ ಬಂದಿದ್ದ ಒಂದು ಕುಟುಂಬ ಕನ್ನಡ ಕೇಳಿಸಿಕೊಂಡು ಹತ್ತಿರ ಬಂತು. "ಓ, ತುಮಕೂರು ಕಡೆಯವರಾ? ನಮ್ಮವರೂ ಆ ಕಡೆ ಇದಾರೆ. ತಾವು ಯಾವ ಪೈಕಿ?"

ಮೇಷ್ಟ್ರು ಹೇಳಿದರು. ಸೆಲ್ಫಿ ತೆಗೆಸ್ಕೊಳೋಣ ಅಂದಿದ್ದವರು ಹಂಗೇ ಹಿಂದಕ್ಕೆ ಸರಿದು, "ಬರ್ತೀವಿ, ಲೇಟಾಯ್ತು" ಅಂದರಂತೆ.

ಈ ಪ್ರಶ್ನೆಯನ್ನೇ ಕೇಳಬೇಡಿ ಅಂತ 12ನೇ ಶತಮಾನದಲ್ಲೇ ಹೇಳಿದ ಮನುಷ್ಯನ ಪ್ರತಿಮೆಯ ಕಾಲ ಕೆಳಗೆ ನಿಂತು ಈ ಪ್ರಶ್ನೆ ಕೇಳ್ತಾರಲ್ಲ, ಇವರಿಗೆ ಏನು ಹೇಳೋಣ? ಕಲ್ಯಾಣ ಯಾಕೆ ಹೊತ್ತಿ ಉರೀತು, ಗೊತ್ತಿಲ್ವಾ? ಸಮಗಾರ ಹರಳಯ್ಯನ ಮಗ ಶೀಲವಂತ, ಬ್ರಾಹ್ಮಣ ಮಧುವರಸನ ಮಗಳು ಲಾವಣ್ಯ ಮದುವೆ ಆದರು ಅಂತ. ಆ ಹುಡುಗ ಹುಡುಗಿಯ ಅಪ್ಪಂದಿರಿಗೆ ಎಳೆಹೂಟೆ ಶಿಕ್ಷೆ ಆಯ್ತು. ಒಂದು ಜೋಡಿ ಒಟ್ಟಿಗೆ ಬೀದಿಯಲ್ಲಿ ನಡೆಯೋ ಹಕ್ಕಿಗಾಗಿ ರಕ್ತ ಹರಿದ ಚರಿತ್ರೆ ಅದು. ಬಸವಣ್ಣನನ್ನ ಲಂಡನ್ನಿಗೆ ಕಳಿಸಿ ಬೀಗುವವರೇ, ನಿಮ್ಮ ಮನೆ ಮಗಳು ನಮ್ಮ ಕಾಲೋನಿಯ ಹುಡುಗನ ಜೊತೆ ದೇವರಾಯನದುರ್ಗಕ್ಕೆ ಹೋಗಿ ಬಂದರೆ ಏನು ಮಾಡ್ತೀರಿ? ಲಂಡನ್ನಿನ ಬಸವಣ್ಣನಿಗೆ ಹಾರ ಹಾಕೋದು ಸುಲಭ. ತುಮಕೂರಿನ ಶೀಲವಂತನಿಗೆ, ಲಾವಣ್ಯಳಿಗೆ ಒಂದು ಬಾಡಿಗೆ ಮನೆ ಕೊಡಿ, ಆಗ ನಂಬ್ತೀನಿ.

ಹಾಗಂತ ಲಂಡನ್ ಸ್ವರ್ಗ ಅಂತ ನಾನು ಹೇಳ್ತಿಲ್ಲ. ನಮ್ಮವರು ವಿಮಾನ ಹತ್ತಿದಾಗ ಜಾತಿಯೂ ಲಗೇಜಿನ ಜೊತೆ ಹತ್ತುತ್ತೆ. ಬ್ರಿಟನ್ನಿನ 2010ರ ಸಮಾನತೆ ಕಾಯ್ದೆಯಲ್ಲಿ ಜಾತಿಯನ್ನ ಸೇರಿಸಲೇಬೇಕು ಅಂತ 2013ರಲ್ಲಿ ಅಲ್ಲಿಯ ಪಾರ್ಲಿಮೆಂಟು ತೀರ್ಮಾನ ಮಾಡಿತು. ಅಲ್ಲಿಯ ಕೆಲವು ಹಿಂದೂ ಸಂಘಟನೆಗಳು ಎದ್ದು ವಿರೋಧಿಸಿದವು. 2018ರಲ್ಲಿ ಸರ್ಕಾರ ಅದನ್ನ ಜಾರಿ ಮಾಡಲ್ಲ, ಕೋರ್ಟುಗಳ ತೀರ್ಪೇ ಸಾಕು ಅಂದುಬಿಟ್ಟಿತು. ಬಿಳಿಯನ ಮನೆಯಲ್ಲೂ ನಮ್ಮ ಮೇಲ್ಜಾತಿಯ ಮಾತೇ ನಡೀತು. ಅದಕ್ಕೇ ಹೇಳೋದು, ಬಿಡುಗಡೆ ಅಂದ್ರೆ ಪಾಸ್‌ಪೋರ್ಟ್ ಅಲ್ಲ. ಲಂಡನ್ನಿನಲ್ಲಿ ಒಂದು ದಿನ ಸಿಕ್ಕಿದ ನಿರಾಳ ತುಮಕೂರಿನಲ್ಲಿ ಪ್ರತಿದಿನ ಸಿಗಬೇಕು.

ತುಮಕೂರು ಜಿಲ್ಲೆಯಲ್ಲಿ "ನೋಡತಕ್ಕ ಸ್ಥಳಗಳು" ಅಂತ ಹೇಳೋ ಪಟ್ಟಿ ನೋಡಿ. ದೇವರಾಯನದುರ್ಗ, ಸಿದ್ಧಗಂಗೆ, ಕೈದಾಳ, ಯಡಿಯೂರು, ಗುಬ್ಬಿಯ ಚನ್ನಬಸವೇಶ್ವರ. ಬಹುಪಾಲು ಗುಡಿ, ಇಲ್ಲಾ ಮಠ. ಅಂದರೆ ನಮ್ಮ ಜಿಲ್ಲೆಯಲ್ಲಿ ಊರು ನೋಡೋದು ಅಂದ್ರೆ ಯಾವುದೋ ದೇವರ ಬಾಗಿಲಲ್ಲಿ ನಿಲ್ಲೋದು. ದೇವರಿಲ್ಲದ, ಬಾಗಿಲಿಲ್ಲದ, ಪೂಜಾರಿ ಇಲ್ಲದ ಜಾಗ ಎಷ್ಟಿವೆ? ಅಮಾನಿಕೆರೆ ಇದೆ. ಗುಬ್ಬಿ ವೀರಣ್ಣನವರ ಹೆಸರಿನ ಕಲಾಕ್ಷೇತ್ರ ಇದೆ. ವೀರಣ್ಣನವರ ಕಂಪನಿ 1884ರಲ್ಲಿ ಶುರುವಾಗಿ ನಾಡೆಲ್ಲ ಸುತ್ತಿತು. ಟಿಕೆಟ್ ತಗೊಂಡವರೆಲ್ಲ ಒಂದೇ ತಂಬಿನಡಿ ಕೂರಬೇಕಾಗಿದ್ದ ಜಾಗ ಅದು. ಕುಣಿಗಲ್ ಕೆರೆ ಇದೆ. ಅದರ ಅಂದದ ಹಾಡು ನಾಡಿಗೆಲ್ಲ ಬಾಯಿಪಾಠ, ಮಣ್ಣು ಹೊತ್ತವರ ಹೆಸರಿನ ಒಂದು ಕಲ್ಲೂ ಏರಿ ಮೇಲಿಲ್ಲ.

ನನ್ನ ಬೇಡಿಕೆ ದೊಡ್ಡದೇನಲ್ಲ. ಕೆರೆ ಏರಿಗಳ ಮೇಲೆ ಕೂರೋಕೆ ಬೆಂಚು ಹಾಕಿ, ಕೆರೆ ಕಟ್ಟಿದವರ ಬಗ್ಗೆ ಒಂದು ಬೋರ್ಡು ಬರೆಸಿ. ಜಿಲ್ಲೆಯ ಚರಿತ್ರೆಗೆ ದುಡ್ಡಿಲ್ಲದೆ ನೋಡಬಹುದಾದ ಒಂದು ಮ್ಯೂಸಿಯಂ ಮಾಡಿ. ಅದರಲ್ಲಿ ರಾಜನ ಕತ್ತಿ ಜೊತೆ ನೀರುಗಂಟಿಯ ಸನಿಕೆಯನ್ನೂ, ತಮಟೆಯನ್ನೂ, ಹೋಟೆಲಿನ ಹೊರಗೆ ನಮಗೆ ಕಾಫಿ ಹುಯ್ದು ಕೊಡ್ತಿದ್ದ ತೆಂಗಿನ ಚಿಪ್ಪನ್ನೂ ಇಡಿ. ಹಾಸ್ಟೆಲ್ ಮಕ್ಕಳನ್ನ ವರ್ಷಕ್ಕೆ ಒಂದು ದಿನ ಭಾಷಣ ಕೇಳಿಸೋಕೆ ಅಲ್ಲ, ಊರು ತೋರಿಸೋಕೆ ಕರ್ಕೊಂಡು ಹೋಗಿ. ಬೆಟ್ಟಕ್ಕೆ ಬಂದ ಹುಡುಗ ಹುಡುಗಿಯನ್ನ ನಿಲ್ಲಿಸಿ ಹೆಸರು, ಜಾತಿ ಕೇಳೋ ಪುಂಡರನ್ನ ಒಳಗೆ ಹಾಕಿ.

ನಮ್ಮ ಸಂಘಟನೆಯ ತಮ್ಮನಿಗೆ ಕಡೇ ಮಾತು. ಭವನಕ್ಕೆ ಶೀಟ್ ಹಾಕಿಸೋದು ಗ್ರಾಮ ಪಂಚಾಯ್ತಿಯ ಕೆಲಸ, ಮೇಷ್ಟ್ರ ಮಗಳ ರಾತ್ರಿ ಪಾಳಿಯ ಕೆಲಸ ಅಲ್ಲ. ಸೋಮವಾರ ಅರ್ಜಿ ಬರ್ಕೊಂಡು ಬಾ, ಜೊತೆಗೆ ನಾನೂ ಬರ್ತೀನಿ. ಬಾಬಾಸಾಹೇಬರಿಗೆ ಪುಸ್ತಕ ಇಷ್ಟ ಇತ್ತು, ತೋಟ ಇಷ್ಟ ಇತ್ತು, ನಾಯಿ ಇಷ್ಟ ಇತ್ತು, ಪಿಟೀಲು ಕಲಿಯೋ ಆಸೆ ಇತ್ತು. ಅವರು ನಮಗೆ ಬರೀ ದುಃಖ ಬಿಟ್ಟು ಹೋಗಿಲ್ಲ ಕಣಪ್ಪಾ. ನಾವು ಹೋರಾಡೋದು ಜೀವನ ಪೂರ್ತಿ ಹೋರಾಡ್ತಾನೇ ಇರೋಕಲ್ಲ. ಒಂದು ಸಂಜೆ ಗಂಡ ಹೆಂಡತಿ ನದಿ ದಂಡೆಯಲ್ಲಿ ಕೂತು, ಯಾರ ಭಯಾನೂ ಇಲ್ಲದೆ, ಡಬ್ಬಿ ಬಿಚ್ಚಿ ಊಟ ಮಾಡೋಕೆ. ಸಂವಿಧಾನದಲ್ಲಿ ಘನತೆ ಅಂತ ಬರೆದಿರೋದು ಇದನ್ನೇ.

ಮುಂದಿನ ತಿಂಗಳು ಸಂಬಳ ಆದ ಮೇಲೆ ನಿಮ್ಮ ಅಪ್ಪ ಅಮ್ಮನನ್ನ ಎಲ್ಲಿಗಾದರೂ ಕರ್ಕೊಂಡು ಹೋಗಿ. ಲಂಡನ್ನೇ ಆಗಬೇಕಿಲ್ಲ. ಮಾರ್ಕೋನಹಳ್ಳಿಗೆ ಹೋಗಿ. ಯಾಕೆ ಹೋದ್ರಿ ಅಂತ ಯಾರಾದರೂ ಕೇಳಿದರೆ ಹೇಳಿ: ನೋಡೋಕೆ.

ಜೈ ಭೀಮ್.